ಯುದ್ಧದ ಸುದ್ದಿಯೇ ಇಲ್ಲದ ಕಾಗದಗಳು

ಪ್ರಶ್ನೆ: ನಮ್ಮದು ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ನಮ್ಮ ಮುತ್ಯಾ 1942ರಿಂದ 1946ರವರೆಗೆ ಮನೆಗೆ ಬರೆದ ಕಾಗದಗಳ ಗಂಟು ಸಿಕ್ಕಿದೆ. ಅವರು ವಿಮಾನದಳದಲ್ಲಿದ್ದರು, ಬರ್ಮಾ ಗಡಿಯಲ್ಲಿ ವಿಮಾನ ಹಾರಿಸುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದರು. ಆದರೆ ಕಾಗದಗಳಲ್ಲಿ ಯುದ್ಧದ ಒಂದು ಮಾತೂ ಇಲ್ಲ. ಮಳೆ ಆಯಿತೆ, ಬಿಳಿ ಎತ್ತು ಹೇಗಿದೆ, ತಂಗಿಯ ಲಗ್ನ ಗೊತ್ತಾಯಿತೆ, ಇಷ್ಟೇ. ಹೆಸರಿನ ಜೊತೆ ಎಲ್.ಎ.ಸಿ. ಎಂದು ಬರೆದಿದ್ದಾರೆ. ಕೆಲವು ಸಾಲುಗಳಿಗೆ ಕಪ್ಪು ಮಸಿ ಬಳಿದಿದೆ, ಒಂದೆರಡು ಕಡೆ ಕತ್ತರಿಸಿ ತೆಗೆದಿದ್ದಾರೆ. 1944ರ ಮಾರ್ಚ್ ಆದ ಮೇಲೆ ಜುಲೈವರೆಗೆ ಕಾಗದವೇ ಇಲ್ಲ, ಜುಲೈನದರಲ್ಲಿ ‘ಜ್ವರ ಬಂದಿತ್ತು, ಈಗ ಆರಾಮ’ ಎಂದಷ್ಟೇ ಇದೆ. ಅವರು ನಿಜವಾಗಿ ಯುದ್ಧಕ್ಕೆ ಹೋಗಿದ್ದರೆ? ತಿಳಿದುಕೊಳ್ಳುವುದು ಹೇಗೆ? ಕಾಗದ ಕಾಪಾಡುವುದು ಹೇಗೆ? ಲಕೋಟೆಗಳನ್ನಷ್ಟೇ ಕೊಂಡುಕೊಳ್ಳುತ್ತೇನೆ ಎಂದು ಒಬ್ಬರು ಬೆನ್ನು ಹತ್ತಿದ್ದಾರೆ, ಕೊಡಬಹುದೆ?

ಉತ್ತರ: ಅಜ್ಜಿಯ ಮಾತಿನಲ್ಲಿ ಅರ್ಧ ನಿಜವಿದೆ. ಎಲ್.ಎ.ಸಿ. ಎಂದರೆ ಲೀಡಿಂಗ್ ಏರ್‌ಕ್ರಾಫ್ಟ್‌ಮನ್. ಏರ್‌ಕ್ರಾಫ್ಟ್‌ಮನ್ ಎರಡನೆಯ ದರ್ಜೆ, ಮೊದಲನೆಯ ದರ್ಜೆ, ಅದಾದ ಮೇಲೆ ಎಲ್.ಎ.ಸಿ., ಆಮೇಲೆ ಕಾರ್ಪೊರಲ್, ಸಾರ್ಜೆಂಟ್ ಎಂದು ಏಣಿ ಮೇಲಕ್ಕೆ ಹೋಗುತ್ತದೆ. ಭಾರತೀಯ ಸ್ಕ್ವಾಡ್ರನ್‌ಗಳಲ್ಲಿ ವಿಮಾನ ಹಾರಿಸುತ್ತಿದ್ದವರು ಬಹುಪಾಲು ಅಧಿಕಾರಿಗಳು, ಅಂದರೆ ಪೈಲಟ್ ಆಫೀಸರ್ ಮತ್ತು ಅದಕ್ಕಿಂತ ಮೇಲಿನವರು. ಎಲ್.ಎ.ಸಿ. ದರ್ಜೆಯವರು ಫಿಟ್ಟರ್, ಫ್ಲೈಟ್ ಮೆಕ್ಯಾನಿಕ್, ಬಾಂಬು ಗುಂಡು ನೋಡಿಕೊಳ್ಳುವ ಆರ್ಮರರ್, ವೈರ್‌ಲೆಸ್ ಆಪರೇಟರ್, ಲಾರಿ ಚಾಲಕ ಇಂಥ ಕೆಲಸಗಳಲ್ಲಿರುತ್ತಿದ್ದರು. ನಿಮ್ಮ ಮುತ್ಯಾ ವಿಮಾನ ಹಾರಿಸಿರುವ ಸಾಧ್ಯತೆ ಬಹಳ ಕಡಿಮೆ. ಹಾರುವಂತೆ ಮಾಡಿದವರಲ್ಲಿ ಒಬ್ಬರಾಗಿದ್ದರು ಎನ್ನಬಹುದು.

ಇದರಿಂದ ಮರ್ಯಾದೆ ಕಡಿಮೆಯಾಯಿತು ಎಂದುಕೊಳ್ಳಬೇಡಿ. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ಭಾರತೀಯ ವಿಮಾನದಳದ ಮೊದಲ ಸ್ಕ್ವಾಡ್ರನ್ ಶುರುವಾದಾಗ ಇದ್ದದ್ದು ನಾಲ್ಕು ವಾಪಿಟಿ ವಿಮಾನ, ಆರು ಅಧಿಕಾರಿಗಳು, 19 ಹವಾಯಿ ಸಿಪಾಯಿಗಳು. ಯುದ್ಧ ಮುಗಿಯುವಾಗ ದಳದಲ್ಲಿ ಒಟ್ಟು 28,500 ಮಂದಿಯಿದ್ದರು, ಅದರಲ್ಲಿ ಅಧಿಕಾರಿಗಳು ಸುಮಾರು 1,600 ಮಾತ್ರ. ಇತಿಹಾಸದ ಪುಸ್ತಕಗಳಲ್ಲಿ ಫೋಟೊ ಬರುವುದು ಈ 1,600 ಮಂದಿಯದು. ಉಳಿದ ಅಷ್ಟೂ ಜನರ ಬದುಕು ಎಲ್ಲಾದರೂ ಉಳಿದಿದ್ದರೆ ಇಂಥ ಟ್ರಂಕುಗಳಲ್ಲೇ.

ರಾಯಚೂರು, ಕೊಪ್ಪಳದ ಕಡೆಯ ಮನೆಗಳಲ್ಲಿ ಇನ್ನೊಂದು ಮಾತು ಕೇಳಿಬರುತ್ತದೆ: ‘ನಮ್ಮ ಅಜ್ಜ ಹೈದರಾಬಾದ್ ಸ್ಕ್ವಾಡ್ರನ್ನಿನಲ್ಲಿದ್ದರು.’ ಹೈದರಾಬಾದ್ ಹೆಸರಿನ ಸ್ಕ್ವಾಡ್ರನ್‌ಗಳು ಇದ್ದದ್ದು ನಿಜ. 110, 152 ಮತ್ತು 253ನೇ ಸ್ಕ್ವಾಡ್ರನ್‌ಗಳಿಗೆ ನಿಜಾಮರ ಕಾಣಿಕೆಯ ಸಲುವಾಗಿ ಆ ಹೆಸರು ಬಂದಿತು. ಮೈಸೂರಿನ ಹೆಸರಿನ 129ನೆಯದು ಗಂಡಭೇರುಂಡವನ್ನೇ ಲಾಂಛನ ಮಾಡಿಕೊಂಡಿತ್ತು. ಆದರೆ ಇವೆಲ್ಲ ಬ್ರಿಟಿಷ್ ರಾಯಲ್ ಏರ್‌ಫೋರ್ಸಿನ ದಳಗಳು. ಹೆಸರು ನಮ್ಮದು, ಮಂದಿ ಅವರವರು. ನಿಮ್ಮ ಮುತ್ಯಾನ ಲಕೋಟೆಯ ಮೇಲೆ ಐ.ಎ.ಎಫ್. ಅಥವಾ ಆರ್.ಐ.ಎ.ಎಫ್. ಎಂದಿರಬೇಕು. 1945ರ ಮಾರ್ಚ್‌ನಲ್ಲಿ ದಳದ ಹೆಸರಿಗೆ ‘ರಾಯಲ್’ ಸೇರಿತು. ತಾರೀಖು ಹರಿದುಹೋದ ಲಕೋಟೆಯ ಮೇಲೆ ಆರ್.ಐ.ಎ.ಎಫ್. ಎಂದಿದ್ದರೆ ಅದು ಆ ತಿಂಗಳ ನಂತರದ್ದು.

ಈಗ ಯುದ್ಧದ ಮಾತಿಲ್ಲ ಎಂಬ ನಿಮ್ಮ ಕೊರಗಿಗೆ ಬರುತ್ತೇನೆ. ಬರೆಯುವಂತಿರಲಿಲ್ಲ. ಇರುವ ಜಾಗದ ಹೆಸರು, ದಳದ ಸಂಖ್ಯೆ, ವಿಮಾನದ ಜಾತಿ, ಎಷ್ಟು ಹೋದವು ಎಷ್ಟು ಬಂದವು, ಯಾರು ಸತ್ತರು, ಮುಂದೆ ಎಲ್ಲಿಗೆ ಹೋಗುವುದಿದೆ, ಯಾವುದಕ್ಕೂ ಅಪ್ಪಣೆಯಿಲ್ಲ. ಹವಾಮಾನ ಕೂಡ ನಿಷಿದ್ಧ. ವಿಮಾನ ನಿಲ್ದಾಣದ ಮೇಲೆ ಮೋಡ ಎಷ್ಟಿದೆ, ಮಳೆ ಎಂದು ಹಿಡಿಯಿತು ಎನ್ನುವುದು ಶತ್ರುವಿಗೆ ಬೇಕಾದ ಸುದ್ದಿ. ನಿಮ್ಮ ಮುತ್ಯಾ ಕಾಗದದಿಂದ ಕಾಗದಕ್ಕೆ ಊರ ಮಳೆ ಕೇಳುತ್ತಾರೆ, ತಮ್ಮ ತಲೆಯ ಮೇಲೆ ಸುರಿಯುತ್ತಿದ್ದ ಮಳೆಯ ಬಗ್ಗೆ ಚಕಾರ ಎತ್ತುವುದಿಲ್ಲ. ಅಸ್ಸಾಂ, ಮಣಿಪುರದ ಕಡೆ ಇದ್ದಿದ್ದರೆ ಆ ಮಳೆ ನಮ್ಮ ಕಡೆಯ ಎರಡು ಮೂರು ವರ್ಷದ ಮಳೆಯನ್ನು ಒಂದೇ ಹಂಗಾಮಿನಲ್ಲಿ ಸುರಿಸುವಂಥದ್ದು.

ಮಸಿ ಬಳಿದ ಸಾಲುಗಳನ್ನು ಕಂಡು ನೀವು ಬೇಜಾರಾಗಿದ್ದೀರಿ, ನನಗೆ ಅವೇ ಹೆಚ್ಚು ಮಾತಾಡುತ್ತವೆ. ಒಳನಾಡಿನ ಠಾಣೆಯಿಂದ ಸಾದಾ ಅಂಚೆಯಲ್ಲಿ ಬಂದ ಪ್ರತಿ ಕಾಗದವನ್ನೂ ದಳದ ಅಧಿಕಾರಿ ಕೂತು ಓದುತ್ತಿರಲಿಲ್ಲ. ಫೀಲ್ಡ್ ಪೋಸ್ಟ್ ಆಫೀಸಿನಿಂದ, ಅಂದರೆ ಸೈನ್ಯದ ಜೊತೆಗಿದ್ದ ಅಂಚೆ ಕಚೇರಿಯಿಂದ ಹೊರಟದ್ದಕ್ಕೆ ಆ ಕಣ್ಗಾವಲು ಇತ್ತು. ಅಂಥ ಲಕೋಟೆಯ ಮೇಲೆ ‘ಆನ್ ಆ್ಯಕ್ಟಿವ್ ಸರ್ವಿಸ್’ ಎಂಬ ಬರಹ, ಎಫ್.ಪಿ.ಒ. ಎಂಬ ಅಕ್ಷರದೊಡನೆ ಒಂದು ಸಂಖ್ಯೆಯ ದುಂಡು ಮುದ್ರೆ, ‘ಸೆನ್ಸಾರ್ ಪಾಸಾಗಿದೆ’ ಎಂಬ ಇನ್ನೊಂದು ಮುದ್ರೆ, ಅದರ ಮಗ್ಗುಲಿಗೆ ಅಧಿಕಾರಿಯ ಸಹಿ ಇರುತ್ತದೆ. ನಿಮ್ಮ ಗಂಟಿನಲ್ಲಿ ಈ ಮೂರೂ ಇರುವ ಲಕೋಟೆಗಳನ್ನು ಬೇರೆ ಇಡಿ. ಮುತ್ಯಾ ಯುದ್ಧದ ಜಾಗದಲ್ಲಿದ್ದರೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಕಾಗದದ ಒಳಗಿಗಿಂತ ಅದರ ಹೊರಮೈಯಲ್ಲೇ ಇದೆ. ಎಫ್.ಪಿ.ಒ. ಸಂಖ್ಯೆ ಯಾವ ತಾರೀಖಿನಲ್ಲಿ ಯಾವ ಊರಲ್ಲಿತ್ತು ಎಂಬ ಪಟ್ಟಿಗಳನ್ನು ಅಂಚೆ ಇತಿಹಾಸದ ಸಂಗ್ರಾಹಕರು ವರ್ಷಗಟ್ಟಲೆ ಕೂತು ತಯಾರಿಸಿದ್ದಾರೆ. ಸಂಖ್ಯೆ, ತಾರೀಖು ಎರಡೂ ಸ್ಪಷ್ಟವಾಗಿದ್ದರೆ ಊರು ಸಿಕ್ಕಿತೆಂದೇ ತಿಳಿಯಿರಿ.

ಕನ್ನಡದ ಕಾಗದಕ್ಕೆ ಇನ್ನೂ ಒಂದು ತೊಡಕಿತ್ತು. ದಳದ ಅಧಿಕಾರಿಗೆ ಕನ್ನಡ ಬಾರದಿದ್ದರೆ ಅದು ಭಾಷೆ ಬಲ್ಲವರಿದ್ದ, ರಣರಂಗದ ಹಿಂಬದಿಯ ಸೆನ್ಸಾರ್ ಕಚೇರಿಗೆ ಹೋಗಿ ಸರದಿ ಕಾಯಬೇಕು. ಬರೆದ ತಾರೀಖಿಗೂ ಕೊಪ್ಪಳದ ಅಂಚೆ ಮುದ್ರೆಗೂ ನಡುವೆ ಎಷ್ಟು ದಿನ ಹೋಗಿದೆ ಎಂದು ಪ್ರತಿ ಲಕೋಟೆಗೂ ಲೆಕ್ಕ ಹಾಕಿ ನೋಡಿ. ಮುತ್ಯಾ ನಡುವೆ ಒಮ್ಮೆಗೆ ಇಂಗ್ಲಿಷಿಗೋ ಉರ್ದುವಿಗೋ ಹೊರಳಿದ್ದರೆ ಕಾರಣ ಈ ತಡವೇ ಇರಬಹುದು. ಆಗ ಕೊಪ್ಪಳ ನಿಜಾಮ್ ಸೀಮೆಯ ರಾಯಚೂರು ಜಿಲ್ಲೆಯಲ್ಲಿತ್ತು, ಸರ್ಕಾರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತವರಿಗೆ ಉರ್ದು ಬಂದೇ ಬರುತ್ತಿತ್ತು.

ಸೆನ್ಸಾರ್ ಒಬ್ಬನೇ ಅಲ್ಲ, ಊರಿನಲ್ಲೂ ಓದುವವರ ಸಾಲು ಇತ್ತು. ಕಾಗದ ಬಂದರೆ ಶಾಲೆಯ ಮಾಸ್ತರರೋ ಕುಲಕರ್ಣಿಯೋ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಬೇಕು, ನಾಲ್ಕು ಮನೆಯವರು ಕೇಳಬೇಕು. ಹೆಂಡತಿಗೆ ಹೇಳಬೇಕಾದದ್ದನ್ನು ಅಪ್ಪನ ಹೆಸರಿಗೆ ಬರೆದ ಕಾಗದದಲ್ಲಿ, ಊರೆಲ್ಲ ಕೇಳುವಂತೆ ಹೇಗೆ ಹೇಳುವುದು? ‘ಮನೆಯಲ್ಲಿ ಎಲ್ಲರೂ ಆರೋಗ್ಯದ ಕಡೆ ಲಕ್ಷ್ಯ ಕೊಡಬೇಕು’ ಎಂಬ ಸಾಲು ಆಗಾಗ ಬರುತ್ತಿದ್ದರೆ ಆ ‘ಎಲ್ಲರೂ’ ಯಾರೆಂದು ಅಜ್ಜಿಗೆ ಗೊತ್ತಿದ್ದೀತು. ‘ತೀರ್ಥರೂಪರವರ ಪಾದಾರವಿಂದಗಳಿಗೆ’, ‘ಇತ್ತ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಬೇಕು’ ಎಂಬ ಒಕ್ಕಣೆಯನ್ನು ಬರಿಯ ಶಿಷ್ಟಾಚಾರ ಎಂದು ದಾಟಿಹೋಗಬೇಡಿ. ಒಕ್ಕಣೆ ಇದ್ದಕ್ಕಿದ್ದಂತೆ ಮೊಟಕಾದ ಕಾಗದ ಯಾವುದು, ಅಕ್ಷರ ಬೇರೆಯವರದ್ದಾದ ಕಾಗದ ಯಾವುದು ಗುರುತಿಸಿ. ಆಸ್ಪತ್ರೆಯ ಮಂಚದಿಂದ ಗೆಳೆಯನ ಕೈಯಲ್ಲಿ ಬರೆಸಿದವು ಹೀಗೆ ಸಿಗುತ್ತವೆ.

ಆ ನಾಲ್ಕು ತಿಂಗಳಿಗೆ ಬರೋಣ. 1944ರ ಮಾರ್ಚ್‌ನಲ್ಲಿ ಜಪಾನೀಯರು ಮಣಿಪುರದ ಮೇಲೆ ಏರಿ ಬಂದರು. ಮಾರ್ಚ್ ಕೊನೆಗೆ ಕೊಹಿಮಾ–ಇಂಫಾಲ ರಸ್ತೆ ಕಡಿದುಹೋಯಿತು, ಮತ್ತೆ ತೆರೆದದ್ದು ಜೂನ್ 22ಕ್ಕೆ. ಅಷ್ಟು ದಿನ ಇಂಫಾಲದ ಬಯಲಿನಲ್ಲಿದ್ದವರಿಗೆ ಅಕ್ಕಿ, ಪೆಟ್ರೋಲು, ಮದ್ದುಗುಂಡು, ಔಷಧ ಎಲ್ಲವೂ ಆಕಾಶಮಾರ್ಗದಲ್ಲೇ ಬರಬೇಕಾಯಿತು. ಟಪಾಲು ಚೀಲಗಳೂ ಬಂದವು, ಆದರೆ ಅವುಗಳ ಸರದಿ ಗುಂಡಿನ ಪೆಟ್ಟಿಗೆಯ ನಂತರ. ಆ ಮುತ್ತಿಗೆಯೊಳಗೆ ಅರ್ಜನ್ ಸಿಂಗ್ ಅವರ ನಾಯಕತ್ವದಲ್ಲಿ ಭಾರತೀಯ ವಿಮಾನದಳದ 1ನೇ ಸ್ಕ್ವಾಡ್ರನ್ ಹರಿಕೇನ್ ವಿಮಾನಗಳೊಂದಿಗೆ ಇತ್ತು. ಅವರಿಗೆ ಅಲ್ಲೇ ಡಿ.ಎಫ್.ಸಿ. (ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್) ಪದಕ ಸಿಕ್ಕಿತು. ಪೈಲಟ್ ಇಳಿದು ಹೋದ ಮೇಲೆ ವಿಮಾನಕ್ಕೆ ಇಂಧನ, ಗುಂಡಿನ ಸರ ತುಂಬಿ, ತೂತು ಬಿದ್ದ ರೆಕ್ಕೆಗೆ ತೇಪೆ ಹಾಕಿ, ಬೆಳಗಾಗುವುದರೊಳಗೆ ಎಂಜಿನ್ ಸಿದ್ಧ ಮಾಡುತ್ತಿದ್ದವರು ಎಲ್.ಎ.ಸಿ.ಗಳು.

ನಿಮ್ಮ ಮುತ್ಯಾ ಅಲ್ಲಿದ್ದರು ಎಂದು ಇಷ್ಟರಿಂದಲೇ ಹೇಳಿಬಿಡುವುದು ಸುಲಭ, ಹೇಳಬಾರದು. 6ನೇ ಸ್ಕ್ವಾಡ್ರನ್ ಬರ್ಮಾದ ಅರಾಕಾನ್ ಕರಾವಳಿಯ ಕಡೆ ಇತ್ತು, ಮೆಹರ್ ಸಿಂಗ್ ಅದರ ಮುಖ್ಯಸ್ಥರು. 7 ಮತ್ತು 8ನೆಯವು ವೆಂಜನ್ಸ್ ಎಂಬ ಡೈವ್ ಬಾಂಬರ್ ಹಾರಿಸುತ್ತಿದ್ದವು. ಅಲ್ಲಿಂದಲೂ ಕಾಗದ ತಡವಾಗಬಹುದಿತ್ತು. ಇನ್ನು ‘ಜ್ವರ ಬಂದಿತ್ತು’ ಎಂಬ ಮಾತು. ನೆಪ ಇರಬಹುದೆಂದು ನಿಮಗೆ ಅನುಮಾನ ಬಂದಂತಿದೆ. ನನಗೆ ಹಾಗನ್ನಿಸುವುದಿಲ್ಲ. 1943ರಲ್ಲಿ ಬರ್ಮಾ ರಂಗದಲ್ಲಿ ಗಾಯಗೊಂಡು ಹಿಂದಕ್ಕೆ ಸಾಗಿಸಿದ ಒಬ್ಬನಿಗೆ ಕಾಯಿಲೆಯಿಂದ ಸಾಗಿಸಿದವರು 120 ಮಂದಿ ಎಂದು ಅಲ್ಲಿನ ಸೇನಾಪತಿ ಸ್ಲಿಮ್ ದಾಖಲಿಸಿದ್ದಾರೆ. ಹೆಚ್ಚಿನದು ಮಲೇರಿಯಾ, ಆಮಶಂಕೆ. 1944ರ ಹೊತ್ತಿಗೆ ಮೆಪಾಕ್ರಿನ್ ಗುಳಿಗೆಯನ್ನು ದಿನಾ ನುಂಗಿಸುವ ಶಿಸ್ತು ಬಂದು ಪರಿಸ್ಥಿತಿ ಸುಧಾರಿಸಿತು. ಅದನ್ನು ತಿಂಗಳುಗಟ್ಟಲೆ ನುಂಗಿದವರ ಮೈ ಹಳದಿಗೆ ತಿರುಗುತ್ತಿತ್ತು. ‘ರಜೆಗೆ ಬಂದಾಗ ಕಾಮಣಿ ಆದವರ ಹಂಗ ಇದ್ದ’ ಎಂದು ಮನೆಯ ಹಿರಿಯರು ಯಾರಾದರೂ ನೆನೆಸಿಕೊಂಡಿದ್ದರೆ ತಿಳಿಸಿ, ಅದೂ ಒಂದು ಪುರಾವೆಯೇ. ಸದ್ಯಕ್ಕೆ ನೀವು ಮಾಡಬೇಕಾದದ್ದು ಮಾರ್ಚ್‌ನ ಕೊನೆಯ ಲಕೋಟೆ ಮತ್ತು ಜುಲೈನ ಮೊದಲ ಲಕೋಟೆಯ ಎಫ್.ಪಿ.ಒ. ಸಂಖ್ಯೆ ಒಂದೇ ಇದೆಯೆ, ಬದಲಾಗಿದೆಯೆ ನೋಡುವುದು.

ತಾರೀಖಿಲ್ಲದ ಕಾಗದಗಳನ್ನು ಜೋಡಿಸಲು ನಿಮ್ಮ ಕಡೆಯವರಿಗೆ ಸಿಗುವ ಅನುಕೂಲ ಬೇರೆಯವರಿಗಿಲ್ಲ. ಮೇಲೆ ಸಂವತ್ಸರ ಬರೆದಿದ್ದರೆ ಚಿತ್ರಭಾನು 1942ರ ಯುಗಾದಿಯಿಂದ, ಸ್ವಭಾನು 1943ರಿಂದ, ತಾರಣ 1944ರಿಂದ, ಪಾರ್ಥಿವ 1945ರಿಂದ. ಊರಿನ ರಸೀದಿ, ಮನಿಯಾರ್ಡರ್ ಚೀಟಿಗಳಲ್ಲಿ ಫಸಲಿ ವರ್ಷ ಇರಬಹುದು. ಹೈದರಾಬಾದ್ ಸಂಸ್ಥಾನದಲ್ಲಿ 1353 ಫಸಲಿ ಎಂದರೆ 1943ರ ಅಕ್ಟೋಬರ್‌ನಿಂದ ಮುಂದಿನ ಅಕ್ಟೋಬರ್‌ವರೆಗೆ. ‘ಗವಿಮಠದ ಜಾತ್ರಿಗೆ ಬರಲಿಕ್ಕೆ ಆಗಲಿಲ್ಲ’ ಎಂದಿದ್ದರೆ ಜನವರಿಯ ಆಸುಪಾಸು. ಕಾರಹುಣ್ಣಿಮೆ, ಹುಲಿಗೆಮ್ಮನ ಜಾತ್ರೆ, ಮಣ್ಣೆತ್ತಿನ ಅಮಾವಾಸ್ಯೆ, ಹಿಂಗಾರಿ ಬಿತ್ತಿಗೆ ಇವೆಲ್ಲ ನಿಮಗೆ ಕ್ಯಾಲೆಂಡರೇ. ‘ಮೂವತ್ತು ಕಲ್ದಾರ್ ಕಳಿಸಿದ್ದೇನೆ’ ಎಂದು ಬರೆದಲ್ಲಿ ಅದು ಬ್ರಿಟಿಷ್ ರೂಪಾಯಿ. ನಿಜಾಮರ ಹಾಲಿ ಸಿಕ್ಕಾದಲ್ಲಿ ಅದರ ಬೆಲೆ ಹೆಚ್ಚು, ನೂರು ಕಲ್ದಾರಿಗೆ ಸುಮಾರು 116 ಹಾಲಿ ರೂಪಾಯಿ. ಅಪ್ಪನಿಗೆ ಕೈಗೆ ಸಿಕ್ಕ ಮೊತ್ತವನ್ನು ಲೆಕ್ಕ ಹಾಕುವಾಗ ಇದು ಮರೆಯಬಾರದು.

ಊರಿನಿಂದ ಅವರಿಗೆ ಹೋದ ಕಾಗದ ಒಂದೂ ನಿಮ್ಮ ಬಳಿ ಇಲ್ಲ. ಇರುವುದೂ ಅಪರೂಪ. ಠಾಣೆಯಿಂದ ಠಾಣೆಗೆ ಹೊರಡುವವನು ಎಷ್ಟನ್ನು ಹೊತ್ತುಕೊಂಡಾನು? ಆದರೆ ಅವರ ಪ್ರಶ್ನೆಗಳನ್ನು ಸಾಲಾಗಿ ಬರೆದುಕೊಂಡರೆ ಊರಿನ ಉತ್ತರಗಳು ಮೇಲೆದ್ದು ಬರುತ್ತವೆ. ಬಿಳಿ ಎತ್ತಿನ ಬಗ್ಗೆ ಮೂರು ಕಾಗದಗಳಲ್ಲಿ ಕೇಳಿ, ನಾಲ್ಕನೆಯದರಲ್ಲಿ ‘ಸಾಲಕ್ಕೆ ಅವಸರ ಮಾಡಬೇಡಿರಿ’ ಎಂದು ಬರೆದು, ಮುಂದೆ ಎತ್ತಿನ ಸುದ್ದಿಯನ್ನೇ ಬಿಟ್ಟಿದ್ದರೆ ಆ ಎತ್ತು ಏನಾಯಿತೆಂದು ನಾನು ಹೇಳಬೇಕಾಗಿಲ್ಲ. 1945ರ ಕಾಗದಗಳನ್ನು ಎಚ್ಚರಿಕೆಯಿಂದ ಓದಿ. ಆ ವರ್ಷ ಫೆಬ್ರುವರಿ 28ರಂದು ತುಂಗಭದ್ರೆಯ ಅಣೆಕಟ್ಟಿಗೆ ಒಂದು ದಡದಲ್ಲಿ ಮದ್ರಾಸಿನ ಗವರ್ನರ್, ಇನ್ನೊಂದು ದಡದಲ್ಲಿ ನಿಜಾಮರ ಹಿರಿಯ ಮಗ ಬೇರಾರಿನ ರಾಜಕುಮಾರ ಅಡಿಗಲ್ಲು ಇಟ್ಟರು. ನದಿ ಸಮೀಪದ ಹೊಲವಿದ್ದ ಮನೆಯವನಾದರೆ ದೂರದಲ್ಲಿದ್ದುಕೊಂಡು ಅಳತೆಗೆ ಬಂದವರ ಸುದ್ದಿ ಕೇಳದೆ ಇರುವುದಿಲ್ಲ. ವಿಳಾಸದಲ್ಲಿರುವ ಹಳ್ಳಿಯ ಹೆಸರು ಇವತ್ತಿನ ನಕ್ಷೆಯಲ್ಲಿ ಕಾಣದಿದ್ದರೂ ಗಾಬರಿ ಬೇಡ. ಆಚೆ ದಡದ ನಾರಾಯಣದೇವರಕೆರೆಯಂಥ ಊರೇ ನೀರಿನಡಿ ಹೋಗಿ ಅಲ್ಲಿಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ನನ್ನನ್ನು ಕೇಳಿದರೆ, ಯುದ್ಧದ ಇತಿಹಾಸ ಬೇಕಾದವರಿಗೆ ಸ್ಕ್ವಾಡ್ರನ್ ಡೈರಿಗಳಿವೆ. 1942ರಿಂದ 46ರವರೆಗೆ ಕೊಪ್ಪಳದ ಒಂದು ಒಕ್ಕಲು ಮನೆ ಹೇಗೆ ನಡೆಯಿತು ಎಂಬುದಕ್ಕೆ ಈ ಗಂಟಿಗಿಂತ ದೊಡ್ಡ ದಾಖಲೆ ಸಿಗಲಾರದು.

ಇಂಥ ಗಂಟುಗಳಲ್ಲಿ ಒಂದು ಹೆಸರು ಮೇಲಿಂದ ಮೇಲೆ ಬಂದು, ಆಮೇಲೆ ಏಕಾಏಕಿ ಕಾಣದಾಗುವುದುಂಟು. ಒಂದೇ ಬ್ಯಾರಕ್ಕಿನ ಗೆಳೆಯನೋ, ಪಕ್ಕದ ಊರಿನವನೋ. ನಿಮ್ಮಲ್ಲೂ ಹಾಗಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹುಡುಕಿ. ಅದು ಎಲ್ಲರಿಗೂ ಉಚಿತ. 1939ರ ಸೆಪ್ಟೆಂಬರ್ 3ರಿಂದ 1947ರ ಕೊನೆಯವರೆಗೆ ಸೇವೆಯಲ್ಲಿ ತೀರಿಕೊಂಡವರು ಅದರಲ್ಲಿದ್ದಾರೆ. ಬರ್ಮಾ ಕಡೆಯ ಆಕಾಶದಲ್ಲಿ ಕಾಣೆಯಾಗಿ ಸಮಾಧಿಯೂ ಇಲ್ಲದ ವಿಮಾನದಳದವರ ಹೆಸರು ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಯ ಮೇಲಿದೆ.

ಸೇವಾ ದಾಖಲೆಗೆ ದೆಹಲಿಯ ಸುಬ್ರತೋ ಪಾರ್ಕಿನ ವಾಯುಪಡೆ ದಾಖಲೆ ಕಚೇರಿಗೆ ಬರೆಯಬೇಕು. ಅಲ್ಲಿ ಹೆಸರಿಗಿಂತ ನಂಬರೇ ಮುಖ್ಯ. ಕಳಿಸಿದವರ ವಿಳಾಸದಲ್ಲಿ ಎಲ್.ಎ.ಸಿ. ಪಕ್ಕದಲ್ಲಿರುವ ಅಂಕಿಯೇ ಅದು. ಸಂಬಂಧ ತೋರಿಸುವ ಕಾಗದಪತ್ರ ಲಗತ್ತಿಸಿ, ಉತ್ತರ ಬೇಗ ಬಂದೀತೆಂದು ಕಾದು ಕೂರಬೇಡಿ. ಅರ್ಜಿ ಬರೆಯಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರ ಸಹಾಯ ಕೇಳಬಹುದು. ಟ್ರಂಕಿನ ತಳದಲ್ಲಿ ಬಿಡುಗಡೆ ಪತ್ರ ಇದೆಯೆ ಮತ್ತೊಮ್ಮೆ ನೋಡಿ. ಆರು ಮೂಲೆಯ ಕಂಚಿನ ಬಣ್ಣದ ನಕ್ಷತ್ರ, ಅದಕ್ಕೆ ಕಡುನೀಲಿ ಪಟ್ಟಿಯ ನಡುವೆ ಕೆಂಪು, ಎರಡೂ ಕಡೆ ಕಿತ್ತಳೆ ಗೆರೆಯ ರಿಬ್ಬನ್ ಇದ್ದರೆ ಅದು ಬರ್ಮಾ ಸ್ಟಾರ್. ನಿಗದಿತ ಅವಧಿಯಲ್ಲಿ ಬಂಗಾಳ, ಅಸ್ಸಾಮಿನಲ್ಲಿ ಸೇವೆ ಮಾಡಿದವರಿಗೂ ಅದು ಸಿಕ್ಕಿದೆ, ಹಾಗಾಗಿ ಬರ್ಮಾದೊಳಗೆ ಕಾಲಿಟ್ಟಿದ್ದರು ಎಂದು ಅದೊಂದರಿಂದ ಹೇಳಲಾಗದು. ಪದಕದ ಮೇಲೆ ಹೆಸರು, ನಂಬರು ಕೊರೆದಿದ್ದರೆ ಕಾಗದದ ನಂಬರಿಗೆ ತಾಳೆ ನೋಡಿ. 1946ರ ಫೆಬ್ರುವರಿಯ ಕಾಗದ ಇದ್ದರೆ ಅದನ್ನೂ ಗಮನಿಸಿ. ಮುಂಬಯಿಯ ನೌಕಾದಳದ ಬಂಡಾಯದ ಹೊತ್ತಿಗೆ ವಿಮಾನದಳದ ಸಿಪಾಯಿಗಳೂ ಹಲವೆಡೆ ಕೆಲಸಕ್ಕೆ ಹೋಗದೆ ಕೂತಿದ್ದರು.

ಕಾಪಾಡುವ ವಿಚಾರದಲ್ಲಿ ಮೊದಲು ಮಾಡಬಾರದ್ದನ್ನು ಹೇಳುತ್ತೇನೆ. ಲ್ಯಾಮಿನೇಷನ್ ಬೇಡವೇ ಬೇಡ. ಆ ಶಾಖ, ಆ ಅಂಟು ಒಮ್ಮೆ ಹತ್ತಿತೆಂದರೆ ಬಿಡಿಸಲಾಗದು. ಹರಿದಲ್ಲಿ ಸೆಲ್ಲೊಟೇಪ್ ಅಂಟಿಸಬೇಡಿ, ಕೆಲವೇ ವರ್ಷಕ್ಕೆ ಕಂದು ಕಲೆ ಬೀಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಡಿ. ಸೈನ್ಯದಲ್ಲಿ ಕಾಪಿಯಿಂಗ್ ಪೆನ್ಸಿಲ್ ಎಂಬುದರ ಬಳಕೆ ಹೆಚ್ಚಿತ್ತು. ನೋಡಲು ಸೀಸದ ಬರಹದಂತೆ ಬೂದು ಬಣ್ಣ, ಒಂದು ಹನಿ ನೀರು ಬಿದ್ದರೆ ನೇರಳೆಯಾಗಿ ಹರಡಿ ಅಕ್ಷರವೇ ಅಳಿಯುತ್ತದೆ. ಗುಂಡುಪಿನ್ನು, ಕ್ಲಿಪ್ಪು ತುಕ್ಕು ಹಿಡಿದಿದ್ದರೆ ಎಳೆಯಬೇಡಿ, ಕಾಗದವನ್ನು ಅಡ್ಡ ಹಿಡಿದು ಮೆಲ್ಲಗೆ ಜಾರಿಸಿ ತೆಗೆಯಿರಿ. ಮಡಿಕೆ ಬಿಚ್ಚಿ, ಆಮ್ಲರಹಿತ ಹಾಳೆಯ ನಡುವೆ ಒಂದೊಂದಾಗಿ ಚಪ್ಪಟೆ ಇಟ್ಟು ರಟ್ಟಿನ ಪೆಟ್ಟಿಗೆಗೆ ಹಾಕಿ. ಅಟ್ಟದಿಂದ ಇಳಿಸಿ: ನಮ್ಮ ಕಡೆಯ ಏಪ್ರಿಲ್–ಮೇ ಬಿಸಿಲಿಗೆ ತಗಡಿನ ಟ್ರಂಕು ಒಲೆಯ ಮೇಲಿನ ಹಂಚಾಗುತ್ತದೆ. ಹೊರಗೋಡೆಗೆ ತಾಗದ, ಗೆದ್ದಲಿಲ್ಲದ ಒಳಕೋಣೆಯ ಕಪಾಟು ಸಾಕು. ಹಳಬರು ಪುಸ್ತಕದ ಗಂಟಿನಲ್ಲಿ ಬಜೆ, ಒಣ ಬೇವಿನೆಲೆ ಇಡುತ್ತಿದ್ದರು. ಇಡಿ, ಆದರೆ ಬಟ್ಟೆಯ ಪುಡಕೆಯಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಗೆ, ಕಾಗದಕ್ಕೆ ತಾಗದಂತೆ.

ಮಸಿ ಬಳಿದ ಸಾಲುಗಳನ್ನು ಕೆರೆಯಬೇಡಿ, ಯಾವ ರಾಸಾಯನಿಕವನ್ನೂ ಹಚ್ಚಬೇಡಿ. ಬರೆದ ಶಾಯಿ ಬೇರೆ, ಬಳಿದ ಮಸಿ ಬೇರೆಯಾಗಿದ್ದರೆ ಇನ್‌ಫ್ರಾರೆಡ್ ಫೋಟೊದಲ್ಲಿ ಕೆಳಗಿನ ಅಕ್ಷರ ಕೆಲವೊಮ್ಮೆ ಕಾಣುತ್ತದೆ. ಕತ್ತರಿಸಿದ್ದು ಹೋಯಿತು. ಆದರೂ ತೂತಿನ ಅಗಲ ಅಳೆದಿಡಿ, ಕಳೆದ ಹೆಸರು ಎಷ್ಟು ಅಕ್ಷರದ್ದೆಂದು ಊಹಿಸಲು ಬರುತ್ತದೆ.

ಲಕೋಟೆ ಮಾರುವ ಮಾತಿಗೆ ನನ್ನ ಉತ್ತರ ಒಂದೇ, ಕೊಡಬೇಡಿ. ಕೇಳುತ್ತಿರುವವರಿಗೆ ಅದರ ಬೆಲೆ ಗೊತ್ತು, ಎಫ್.ಪಿ.ಒ. ಮುದ್ರೆಗೂ ಸೆನ್ಸಾರ್ ಮುದ್ರೆಗೂ ಸಂಗ್ರಾಹಕರ ಪೇಟೆಯಿದೆ. ಲಕೋಟೆ ಹೋದರೆ ಕಾಗದ ಯಾವ ಊರಿಂದ, ಯಾವ ದಿನ ಬಂತೆಂಬುದೂ ಹೋಗುತ್ತದೆ. ಯಾವ ಕಾಗದ ಯಾವ ಲಕೋಟೆಯದು ಎಂದು ಎರಡರ ಮೇಲೂ ಮೂಲೆಯಲ್ಲಿ ಮೆತ್ತನೆಯ ಸೀಸದಿಂದ ಒಂದೇ ಸಂಖ್ಯೆ ಬರೆದು, ಎರಡೂ ಮಗ್ಗುಲನ್ನು ಸ್ಕ್ಯಾನ್ ಮಾಡಿಸಿ. ಮನೆಯಲ್ಲಿ ಇಡುವುದು ಕಷ್ಟವೆನಿಸಿದರೆ ಬೆಂಗಳೂರಿನ ರಾಜ್ಯ ಪತ್ರಾಗಾರವನ್ನೋ, ನಿಮಗೆ ಹತ್ತಿರದ ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗವನ್ನೋ ಕೇಳಿ ನೋಡಿ. ಕೊಡುವುದಾದರೆ ಇಡೀ ಗಂಟು ಒಂದೇ ಕಡೆ ಇರಬೇಕು, ಮನೆಯವರಿಗೆ ಪ್ರತಿ ಸಿಗಬೇಕು ಎಂದು ಬರಹದಲ್ಲೇ ಕರಾರು ಮಾಡಿಕೊಳ್ಳಿ.

ಸದ್ಯಕ್ಕೆ ನನಗೆ ಮೂರು ಫೋಟೊ ಕಳಿಸಿ: ಮಾರ್ಚ್ 1944ರ ಕೊನೆಯ ಲಕೋಟೆ, ಅದೇ ಜುಲೈನ ಮೊದಲ ಲಕೋಟೆ, ಸೇವಾ ನಂಬರು ಅತ್ಯಂತ ಸ್ಪಷ್ಟವಾಗಿರುವ ಯಾವುದಾದರೂ ಒಂದು. ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಇಟ್ಟು ತೆಗೆಯಿರಿ, ಫ್ಲ್ಯಾಶ್ ಹಾಕಬೇಡಿ, ಮುದ್ರೆಯ ಅಂಕಿಗಳು ಮಸುಕಾಗುತ್ತವೆ.